ಹೊಯ್ಸಳ ನಾಡಿನ ದೇಗುಲ ಸಂಗೀತ ಮತ್ತು ಲೌಕಿಕ ಸಂಗೀತ: ಮಾಲೇಕಲ್ಲು–ಅರಸೀಕೆರೆ ಪರಿಸರದಿಂದ ಕೆಲವು ವಿಚಾರಗಳು

ಅರಸೀಕೆರೆ ಪಟ್ಟಣದ ಸಮೀಪದಲ್ಲಿರುವ ಮಾಲೇಕಲ್ಲು ಬೆಟ್ಟವನ್ನು ಈ ಭಾಗದ ಜನ ಚಿಕ್ಕ ತಿರುಪತಿಯೆಂದು ಕರೆಯುತ್ತಾರೆ. ಸ್ಥಳಪುರಾಣವು ವಸಿಷ್ಠ ಮಹರ್ಷಿಯ ಹೆಸರನ್ನು ಹೇಳುತ್ತದೆ. ಬೆಟ್ಟದ ಬುಡದಲ್ಲಿಯೂ ನೆತ್ತಿಯಲ್ಲಿಯೂ ಗುಡಿಗಳಿದ್ದು, ನಡುವೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಆಷಾಢ ಮಾಸದ ತೇರಿನ ಸಂದರ್ಭದಲ್ಲಿ ಇಲ್ಲಿ ಕಿವಿಗೊಟ್ಟು ನಿಂತವರಿಗೆ ಒಂದೇ ಹೊತ್ತಿನಲ್ಲಿ ಹಲವು ಬಗೆಯ ನಾದಗಳು ಕೇಳಿಸುತ್ತವೆ. ದೇವರ ಸನ್ನಿಧಿಯಲ್ಲಿ ಮಂತ್ರಘೋಷ ಮತ್ತು ಮಂಗಳವಾದ್ಯ. ಮೆಟ್ಟಿಲುಗಳ ಮೇಲೆ ಶಂಖ, ಜಾಗಟೆ, ಗರುಡಗಂಬ ಹಿಡಿದ ದಾಸಯ್ಯಗಳ ಕೂಗು. ತೇರಿನ ಬೀದಿಯಲ್ಲಿ ತಮಟೆ, ನಗಾರಿ. ಹತ್ತುವ ಹೆಂಗಸರ ಬಾಯಲ್ಲಿ ಪದ. ಜಾತ್ರೆಯ ಅಂಗಡಿಗಳ ಧ್ವನಿವರ್ಧಕವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಇವುಗಳಲ್ಲಿ ಯಾವುದು ಧಾರ್ಮಿಕ ಸಂಗೀತ, ಯಾವುದು ಲೌಕಿಕ ಸಂಗೀತ ಎಂಬ ಪ್ರಶ್ನೆಯನ್ನು ಮುಂದಿಟ್ಟರೆ ಉತ್ತರ ಅಷ್ಟು ಸರಳವಾಗಿ ದೊರೆಯುವುದಿಲ್ಲ.

ಆದರೂ ನಮ್ಮ ಜನಪದ ಗೀತ ಸಂಕಲನಗಳ ಪರಿವಿಡಿಗಳು ಈ ಪ್ರಶ್ನೆಗೆ ಬಹಳ ಸುಲಭವಾಗಿ ಉತ್ತರಿಸಿಬಿಡುತ್ತವೆ. ದೇವರ ಪದಗಳು ಒಂದು ಭಾಗ, ಬೀಸುವ ಕುಟ್ಟುವ ಪದಗಳು ಇನ್ನೊಂದು ಭಾಗ, ಸೋಬಾನೆ ಮತ್ತೊಂದು, ಹಾಸ್ಯ ಮಗದೊಂದು. ಅಧ್ಯಯನದ ಅನುಕೂಲಕ್ಕಾಗಿ ಇಂತಹ ವಿಭಜನೆ ಬೇಕು ಎಂಬುದನ್ನು ಒಪ್ಪೋಣ. ಆದರೆ ಇದರ ಹಿಂದಿರುವ ಧಾರ್ಮಿಕ–ಲೌಕಿಕ ಎಂಬ ಗೆರೆ ನಮ್ಮ ನೆಲದಲ್ಲಿ ಹುಟ್ಟಿದ್ದೇ, ಅಥವಾ ಯುರೋಪಿನ ಸಂಗೀತ ಚರಿತ್ರೆಯಿಂದ ಎರವಲಾಗಿ ಬಂದದ್ದೇ ಎಂಬುದನ್ನು ಪರಿಶೀಲಿಸಿದಂತೆ ಕಾಣುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಹನ್ನೆರಡು–ಹದಿಮೂರನೆಯ ಶತಮಾನದ ಹೊಯ್ಸಳ ನಾಡನ್ನು, ಅದರಲ್ಲಿಯೂ ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರವನ್ನು ಮುಂದಿಟ್ಟುಕೊಂಡು ಈ ಗೆರೆ ಎಲ್ಲಿ ಹಾದುಹೋಗುತ್ತಿತ್ತು ಎಂಬುದನ್ನು ಹುಡುಕಲು ಯತ್ನಿಸಲಾಗಿದೆ. ಇಂದಿನ ಜಾತ್ರೆಯ ಆಚರಣೆಯನ್ನು ನೇರವಾಗಿ ಎಂಟು ಶತಮಾನಗಳ ಹಿಂದಕ್ಕೆ ಒಯ್ಯುವುದು ಸಾಧುವಲ್ಲ. ಆದ್ದರಿಂದ ಇಲ್ಲಿ ಆಧಾರವಾಗಿ ಇಟ್ಟುಕೊಂಡಿರುವುದು ಆ ಕಾಲದ ಶಾಸನ, ಶಿಲ್ಪ, ಶಾಸ್ತ್ರ ಮತ್ತು ಕಾವ್ಯಗಳನ್ನು.

ಮೊದಲಿಗೆ ಯುರೋಪಿನ ಸಂಗತಿಯನ್ನು ಸಂಕ್ಷೇಪವಾಗಿ ನೋಡುವುದು ಒಳ್ಳೆಯದು. ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ 1117ರ ವೇಳೆಗೆ ಜರ್ಮನಿಯ ಮಠವೊಂದರಲ್ಲಿ ಹಿಲ್ಡೆಗಾರ್ಡ್ (1098–1179) ಎಂಬ ಸಂನ್ಯಾಸಿನಿ ಬೆಳೆಯುತ್ತಿದ್ದಳು. ಮುಂದೆ ಆಕೆ ರಚಿಸಿದ ಲ್ಯಾಟಿನ್ ಸ್ತೋತ್ರಗಳು ಧಾಟಿಯ ಸಮೇತ ಉಳಿದಿವೆ. ಅರಸೀಕೆರೆ ಸಮೀಪದ ಹುಲ್ಲೇಕೆರೆಯಲ್ಲಿ ಚೆನ್ನಕೇಶವ ದೇವಾಲಯ ನಿರ್ಮಾಣಗೊಂಡ 1163ರಲ್ಲಿಯೇ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ ಅಡಿಗಲ್ಲು ಬಿತ್ತೆಂದು ಹೇಳುತ್ತಾರೆ. ಅಲ್ಲಿ ಲಿಯೊನಿನ್, ಪೆರೊಟಿನ್ ಎಂಬವರು ಹಲವು ಕಂಠಗಳ ಸಂಗೀತವನ್ನು ಬೆಳೆಸಿದರು. ಅದೇ ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬದೂರರು ದೇಶಭಾಷೆಯಲ್ಲಿ ಪ್ರೇಮಗೀತೆಗಳನ್ನು ಹಾಡುತ್ತಿದ್ದರು. ಒಂದು ಕಡೆ ಲ್ಯಾಟಿನ್, ಇನ್ನೊಂದು ಕಡೆ ಆಡುನುಡಿ. ಒಂದು ಕಡೆ ಮಠದ ಸ್ವರಲಿಪಿ, ಇನ್ನೊಂದು ಕಡೆ ಬಾಯಿಯ ಸಂಪ್ರದಾಯ. ಟ್ರೂಬದೂರರ ಸುಮಾರು 2500 ಪದ್ಯಗಳು ಉಳಿದಿದ್ದರೂ ಧಾಟಿ ಉಳಿದಿರುವುದು ಹತ್ತರಲ್ಲೊಂದು ಪಾಲಿಗೆ ಮಾತ್ರ. ಬರೆಯುವ ಲೇಖನಿ ಯಾರ ಕೈಯಲ್ಲಿತ್ತೋ ಅವರ ಸಂಗೀತ ಉಳಿಯಿತು.

ಅಲ್ಲಿಯೂ ಗಡಿ ದಾಟುವುದು ನಡೆದೇ ಇತ್ತು. ಹದಿಮೂರನೆಯ ಶತಮಾನದ ಮೊಟೆಟ್ ಎಂಬ ಪ್ರಕಾರದಲ್ಲಿ ಕೆಳಗಿನ ಕಂಠ ಚರ್ಚಿನ ಲ್ಯಾಟಿನ್ ಸ್ತೋತ್ರದ ತುಣುಕನ್ನು ಹಿಡಿದಿದ್ದರೆ ಮೇಲಿನ ಕಂಠಗಳು ಫ್ರೆಂಚಿನಲ್ಲಿ ಪ್ರೇಮವನ್ನು ಹಾಡುತ್ತಿದ್ದವು. ಇಂಗ್ಲೆಂಡಿನ ರೆಡಿಂಗ್ ಮಠದೊಂದಿಗೆ ಸಂಬಂಧ ಹೊಂದಿದ ಅದೇ ಶತಮಾನದ ಹಸ್ತಪ್ರತಿಯೊಂದರಲ್ಲಿ ಬೇಸಗೆಯ ಆಗಮನವನ್ನು ಹಾಡುವ ಇಂಗ್ಲಿಷ್ ಪದದ ಧಾಟಿಗೇ ಕ್ರಿಸ್ತನ ಕುರಿತ ಲ್ಯಾಟಿನ್ ಸಾಹಿತ್ಯವನ್ನೂ ಹೊಂದಿಸಿ ಬರೆಯಲಾಗಿದೆ. ಇಂತಹ ಬೆರಕೆ ಅತಿಯಾಯಿತೆಂದು ತೋರಿದಾಗ 1324–25ರಲ್ಲಿ ಆವಿನ್ಯಾನಿನಿಂದ ಪೋಪ್ ಇಪ್ಪತ್ತೆರಡನೆಯ ಜಾನ್ ಆಜ್ಞಾಪತ್ರ ಹೊರಡಿಸಿ, ಪವಿತ್ರ ಧಾಟಿಯನ್ನು ತುಂಡರಿಸುವುದನ್ನೂ ಅದಕ್ಕೆ ಆಡುನುಡಿಯ ಪದಗಳನ್ನು ತುರುಕುವುದನ್ನೂ ಖಂಡಿಸಿದ. ಈ ಆಜ್ಞೆ ಮುಖ್ಯವಾಗಿ ಸಂಗೀತವನ್ನು ಕುರಿತದ್ದು ಎಂಬುದು ಗಮನಾರ್ಹ. ಸ್ವರಸಂಚಾರ ಹೇಗಿರಬೇಕು, ಯಾವ ನುಡಿ ಸಲ್ಲದು ಎಂಬುದೇ ಅಲ್ಲಿನ ಚಿಂತೆ. ಗೋಡೆ ಎದ್ದದ್ದು ಎರಡು ಬಗೆಯ ಸಂಗೀತಗಳ ನಡುವೆ.

ಹೊಯ್ಸಳ ನಾಡಿಗೆ ಬಂದರೆ ಇಂತಹ ಒಂದು ಗೋಡೆಯನ್ನು ಕಾಣುವುದು ಕಷ್ಟ. ಕನ್ನಡ ಕವಿಗಳಿಗೆ ಲೌಕಿಕ ಎಂಬ ಪರಿಭಾಷೆ ಗೊತ್ತಿರಲಿಲ್ಲವೆಂದಲ್ಲ. ಹತ್ತನೆಯ ಶತಮಾನದಲ್ಲಿಯೇ ಪಂಪನು ತನ್ನ ಎರಡು ಕಾವ್ಯಗಳನ್ನು ಲೌಕಿಕ ಮತ್ತು ಜಿನಾಗಮ ಎಂದು ಬೇರ್ಪಡಿಸಿ ಹೇಳಿಕೊಂಡಿದ್ದಾನೆ. ಆದರೆ ಸಂಗೀತಶಾಸ್ತ್ರ ಈ ಭೇದವನ್ನು ಕೈಗೆತ್ತಿಕೊಳ್ಳಲಿಲ್ಲ. ಅದು ಬಳಸಿದ್ದು ಮಾರ್ಗ ಮತ್ತು ದೇಶೀ ಎಂಬ ಜೋಡಿಯನ್ನು. ಬೃಹದ್ದೇಶಿಯ ಕರ್ತೃ ಮತಂಗನ ಪ್ರಕಾರ ಹೆಂಗಸರು, ಮಕ್ಕಳು, ದನಗಾಹಿಗಳು, ದೊರೆಗಳು ತಂತಮ್ಮ ನಾಡಿನಲ್ಲಿ ತಮ್ಮಿಚ್ಛೆಯಂತೆ ಪ್ರೀತಿಯಿಂದ ಹಾಡುವುದೇ ದೇಶೀ. ದನಗಾಹಿಯೂ ದೊರೆಯೂ ಒಂದೇ ಉಸಿರಿನಲ್ಲಿ ಬರುವ ಈ ಲಕ್ಷಣದಲ್ಲಿ ದೇವರ ಹಾಡು, ಜನರ ಹಾಡು ಎಂಬ ಪ್ರತ್ಯೇಕತೆಯ ಸುಳಿವಿಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ (ಸುಮಾರು 1130) ಈ ದೃಷ್ಟಿಯಿಂದ ಅತ್ಯಮೂಲ್ಯ ಆಕರ. ವಿಷ್ಣುವರ್ಧನನ ಸಮಕಾಲೀನನಾದ ಈ ದೊರೆ ಗೀತ, ವಾದ್ಯ, ನೃತ್ಯಗಳನ್ನು ಅರಸನ ವಿನೋದಗಳ ಸಾಲಿನಲ್ಲಿ ಇಟ್ಟಿದ್ದಾನೆ. ಹಾಡಿನ ಪ್ರಕಾರಗಳನ್ನು ವಿಂಗಡಿಸುವಾಗ ಅವನು ಅನುಸರಿಸುವುದು ಸಂದರ್ಭವನ್ನು. ಕುಟ್ಟುವ ಕೆಲಸಕ್ಕೆ ತ್ರಿಪದಿ, ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯಾ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ. ಒನಕೆಯ ಹಾಡೂ ಯೋಗಿಯ ಹಾಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿವೆ. ಜಾನಪದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವರ್ಗೀಕರಣ ಇಂದಿಗೂ ದೊರೆಯಲಾರದು ಎಂದರೆ ಅತಿಶಯೋಕ್ತಿಯಲ್ಲ. ಕಥೆಗೆ ಷಟ್ಪದಿ ಎಂದು ಸೋಮೇಶ್ವರ ಹೇಳಿದ ಒಂದು ಶತಮಾನದೊಳಗೆ ರಾಘವಾಂಕನು ಅದೇ ಷಟ್ಪದಿಯನ್ನು ಕನ್ನಡ ಕಥನಕಾವ್ಯದ ಮುಖ್ಯ ಛಂದಸ್ಸನ್ನಾಗಿ ಮಾಡಿದ. ಹಾಡಿನ ಮಟ್ಟು ಕಾವ್ಯದ ಬಂಧವಾದ ಈ ಬೆಳವಣಿಗೆಯನ್ನು ಛಂದಸ್ಸಿನ ಚರಿತ್ರೆಯಾಗಿ ಓದಿದ್ದೇವೆ. ಸಂಗೀತದ ಚರಿತ್ರೆಯಾಗಿ ಓದಿದ್ದು ಕಡಿಮೆ.

ಮುಂದೆ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರ ವಿವರಿಸುವ ಸಾಲಗಸೂಡ ಪ್ರಬಂಧಗಳು ಹರಿದಾಸರ ಕೈಯಲ್ಲಿ ಸುಳಾದಿಗಳಾಗಿ ರೂಪಾಂತರ ಹೊಂದಿದವು. ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ದೇಶೀ ಪ್ರಕಾರ ಭಕ್ತಿಯ ಹಾಡಾಯಿತು. ಬೇಲೂರಿನ ಚೆನ್ನಕೇಶವನ ಸನ್ನಿಧಿಯಲ್ಲಿ ಬಾಳಿದ ವೈಕುಂಠದಾಸರೂ ಈ ಪರಂಪರೆಗೆ ಸೇರಿದವರೇ. ಇದರ ವಿರುದ್ಧ ಆಜ್ಞಾಪತ್ರ ಹೊರಡಿಸಬೇಕೆಂದು ಇಲ್ಲಿ ಯಾರಿಗೂ ತೋರಲಿಲ್ಲ.

ಹಾಗಾದರೆ ಇಲ್ಲಿ ಗೋಡೆಯೇ ಇರಲಿಲ್ಲವೇ? ಇತ್ತು. ಅದು ಬೇರೆ ಕಡೆ ಇತ್ತು. ಅದನ್ನು ಕಾಣಬೇಕಾದರೆ ಶಾಸನಗಳಿಂದ ಹೊರಡಬೇಕು.

ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಈ ಭಾಗದ ದಾನಶಾಸನಗಳನ್ನು ಓದುವವರಿಗೆ ಅಂಗಭೋಗ, ರಂಗಭೋಗ ಎಂಬ ಜೋಡಿಪದ ಮತ್ತೆ ಮತ್ತೆ ಎದುರಾಗುತ್ತದೆ. ದೇವರ ಮಜ್ಜನ, ಗಂಧ, ಪುಷ್ಪ, ನೈವೇದ್ಯಗಳು ಅಂಗಭೋಗ. ದೇವರ ಮುಂದಿನ ಗೀತ, ವಾದ್ಯ, ನೃತ್ಯಗಳು ರಂಗಭೋಗ. ದೇವರಿಗೆ ಅಂಗವೂ ಉಂಟು, ರಂಗವೂ ಉಂಟು ಎಂಬ ಈ ಕಲ್ಪನೆ ಅರಸನ ದಿನಚರಿಯನ್ನು ದೇವರಿಗೆ ಆರೋಪಿಸಿದ್ದೆನ್ನುವುದು ಸ್ಪಷ್ಟವೇ ಇದೆ. ಅರಸನು ಉಂಡ ಮೇಲೆ ಹಾಡು ಕೇಳುವಂತೆ ದೇವರೂ ಕೇಳುತ್ತಾನೆ. ಆದ್ದರಿಂದ ಅರಮನೆಯ ಮದ್ದಳೆ, ಗುಡಿಯ ಮದ್ದಳೆ ಎಂಬ ಎರಡು ವಾದ್ಯಗಳಿಲ್ಲ. ಪಾತ್ರ, ಪಾವುಳ, ಗಾಯಕ, ನಟ್ಟುವ, ಮದ್ದಳೆಗಾರ, ವಾಂಶಿಕ ಮುಂತಾದವರಿಗೆ ಭೂಮಿಯನ್ನೋ ಧಾನ್ಯವನ್ನೋ ವೃತ್ತಿಯಾಗಿ ಬಿಡಲಾಗುತ್ತಿತ್ತು. ಈ ವ್ಯವಸ್ಥೆ ಹೊಯ್ಸಳರಿಂದ ಆರಂಭವಾದದ್ದಲ್ಲ. ಎಂಟನೆಯ ಶತಮಾನದಲ್ಲಿಯೇ ಪಟ್ಟದಕಲ್ಲಿನ ಶಾಸನವೊಂದು, ಹಿಂದೆ ವಿಜಯಾದಿತ್ಯನು ಗಾಂಧರ್ವರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿ ಊರ್ಜಿತಗೊಳಿಸಿದ್ದನ್ನು ತಿಳಿಸುತ್ತದೆ. ತಂಜಾವೂರಿನಲ್ಲಿ ರಾಜರಾಜ ಚೋಳನ ಶಾಸನ 400 ಮಂದಿ ದೇಗುಲದ ಸ್ತ್ರೀಯರಿಗೆ ಮನೆಯನ್ನೂ ವರ್ಷಕ್ಕೆ 100 ಕಲ ಭತ್ತದ ಪಾಲನ್ನೂ ಗೊತ್ತುಪಡಿಸುತ್ತದೆ. ಅದೇ ಪಟ್ಟಿಯಲ್ಲಿ ಹಾಡುವವರು, ಬಾರಿಸುವವರ ಜೊತೆಗೆ ಕುಂಬಾರ, ಅಗಸ, ಕ್ಷೌರಿಕ, ದರ್ಜಿಗಳೂ ಇದ್ದಾರೆ. ಹಾಡು ಒಂದು ಊಳಿಗ, ಪಾಲು ಅದರ ಕೂಲಿ ಎಂಬ ಲೆಕ್ಕ ಅದರಲ್ಲಿ ಸ್ವಲ್ಪವೂ ಮರೆಮಾಚಿಲ್ಲ.

ಶಾಂತಲಾದೇವಿಯ ಪ್ರಸಂಗ ಇಲ್ಲಿ ಬೆಳಕು ಚೆಲ್ಲುತ್ತದೆ. ಬೇಲೂರು, ಶ್ರವಣಬೆಳಗೊಳದ ಶಾಸನಗಳು ಆಕೆಯ ಗೀತ, ವಾದ್ಯ, ನೃತ್ಯ ನೈಪುಣ್ಯವನ್ನು ಮುಕ್ತಕಂಠದಿಂದ ಹೊಗಳಿವೆ. ತಂದೆ ಶೈವ, ತಾಯಿ ಜೈನೆ; ಆಕೆ ಬೇಲೂರಿನಲ್ಲಿ ಚೆನ್ನಿಗರಾಯನನ್ನೂ ಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನೂ ನಿರ್ಮಿಸಿದವಳು. ಆಕೆಯ ನೃತ್ಯವನ್ನು ಶಾಸನ ಹೇಳುವುದು ಬಿರುದಾವಳಿಯ ಭಾಷೆಯಲ್ಲಿ; ದೇವಾಲಯದ ಪಾತ್ರದವಳ ನೃತ್ಯವನ್ನು ಹೇಳುವುದು ಕೊಳಗ ಗದ್ಯಾಣಗಳ ಭಾಷೆಯಲ್ಲಿ. ಕಲೆ ಒಂದೇ, ಶಾಸ್ತ್ರವೂ ಒಂದೇ. ಒಬ್ಬಳಿಗೆ ಅದು ಭೂಷಣ, ಇನ್ನೊಬ್ಬಳಿಗೆ ಬದುಕು. ಬೇಲೂರಿನ ನವರಂಗದ ನಡುವಿನ ದುಂಡು ಜಗಲಿಯ ಮೇಲೆ ರಾಣಿಯೇ ಕುಣಿದಳೆಂಬ ಜನಪ್ರಿಯ ಕಥನದಲ್ಲಿ ನಿತ್ಯವೂ ಅಲ್ಲಿ ಕುಣಿಯಬೇಕಾಗಿದ್ದವರ ನೆನಪು ಅಳಿಸಿಹೋಗಿರುವುದು ಶೋಚನೀಯ. ಪ್ರವಾಸಿಗಳಿಗೆ ರಾಣಿಯ ಕಥೆ ರುಚಿಸುವುದು ಸಹಜ. ಸಂಶೋಧಕರೂ ಅದಕ್ಕೆ ಮರುಳಾಗಬೇಕಾಗಿಲ್ಲ.

ಶಿಲ್ಪಗಳ ವಿಚಾರವನ್ನು ಕಲಾಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಬೇಲೂರಿನ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರ ಗ್ರಂಥ 1919ರಲ್ಲಿಯೇ ಹೊರಬಂದಿತು. ಮದನಿಕೆಯರ ಸುತ್ತ ಮದ್ದಳೆ, ತಾಳ, ಕೊಳಲು ಹಿಡಿದವರ ಕಿರುಮೂರ್ತಿಗಳನ್ನು, ಹಳೇಬೀಡಿನ ನೃತ್ಯಸರಸ್ವತಿಯನ್ನು ಇಲ್ಲಿ ಮತ್ತೆ ವರ್ಣಿಸುವ ಅಗತ್ಯವಿಲ್ಲ. ಒಂದು ಮೂರ್ತಿಯ ಬಗೆಗೆ ಮಾತ್ರ ಎರಡು ಮಾತು ಹೇಳಬೇಕು. ಹಾರನಹಳ್ಳಿ, ಜಾವಗಲ್ಲು, ನುಗ್ಗೇಹಳ್ಳಿ, ಬೆಳವಾಡಿ ಮುಂತಾದ ತ್ರಿಕೂಟಾಚಲಗಳಲ್ಲಿ ಒಂದು ಗರ್ಭಗುಡಿ ವೇಣುಗೋಪಾಲನಿಗೆ ಮೀಸಲು. ಮರದ ಕೆಳಗೆ ನಿಂತು ಕೊಳಲೂದುವ ದನಗಾಹಿ. ಪ್ರಭಾವಳಿಯಲ್ಲಿ ಕಿವಿಗೊಟ್ಟು ನಿಂತ ಹಸುಗಳು, ಗೋಪ ಗೋಪಿಯರು, ಋಷಿಗಳು. ಮತಂಗನು ದೇಶೀ ಎಂದ ಸಂಗೀತ ಗರ್ಭಗುಡಿಯ ಪೀಠವನ್ನೇ ಏರಿದೆ. ದನ ಕಾಯುವವನ ಕೊಳಲು ಹೀಗೆ ಪೂಜೆಗೊಳ್ಳುತ್ತಿರುವಾಗ ಊರಿನ ದನ ಕಾಯುವವನು ಎಲ್ಲಿ ನಿಲ್ಲುತ್ತಿದ್ದ? ಅರಸೀಕೆರೆಯ ಶಿವಾಲಯದ (1220) ಮುಂದೆ ಸುತ್ತ ಕಕ್ಷಾಸನವುಳ್ಳ ನಕ್ಷತ್ರಾಕಾರದ ತೆರೆದ ಮಂಟಪವಿದೆ. ಗೋಡೆಯಿಲ್ಲದ ಇಂತಹ ಮಂಟಪದಲ್ಲಿ ಬಾರಿಸಿದ ಮದ್ದಳೆಯ ನಾದ ಆವರಣದ ಆಚೆಗೂ ಕೇಳುತ್ತದೆ. ಕೇಳಲು ಒಳಗೆ ಬರಬೇಕಾಗಿಲ್ಲ; ಬರಲಾಗದವರೂ ಕೇಳಬಹುದು.

ಕಿವಿ ದಾಟುತ್ತದೆ, ದೇಹ ದಾಟುವುದಿಲ್ಲ ಎಂಬ ಈ ಸಂಗತಿಯನ್ನು ಸುಮಾರು 1200ರ ಆಸುಪಾಸಿನ ಮೂವರು ಕನ್ನಡ ಕವಿಗಳು ಮೂರು ಬಗೆಯಲ್ಲಿ ಕಂಡಿದ್ದಾರೆ. ಪ್ರಸ್ತುತ ವಿಚಾರಕ್ಕೆ ಶಾಸನಗಳಿಗಿಂತಲೂ ಇವರ ಸಾಕ್ಷ್ಯ ಹೆಚ್ಚಿನದೆಂದು ನನ್ನ ಭಾವನೆ.

ಮೊದಲನೆಯವನು ಹರಿಹರ. ಈತನು ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದು ಅನಂತರ ಹಂಪೆಗೆ ಹೋದನೆಂಬುದು ಪ್ರತೀತಿ. ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಬಳ್ಳಿಗಾವೆಯ ದೇವಾಲಯದ ಪರಿಸರಕ್ಕೆ ಸೇರಿದ ಮದ್ದಳೆಗಾರ. ದೇವರ ಮುಂದೆ ಬಾರಿಸುತ್ತಲೇ ಅವನು ಕಮಲತೆಯನ್ನು ಪ್ರೇಮಿಸುತ್ತಾನೆ. ಆಕೆ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ನೆಲದಲ್ಲಿ ಹುಗಿದಿದ್ದ ಗುಡಿಯೊಂದರಲ್ಲಿ ಅನಿಮಿಷಯ್ಯನಿಂದ ಲಿಂಗವನ್ನು ಪಡೆಯುತ್ತಾನೆ. ಚಾಮರಸನ ಪ್ರಭುಲಿಂಗಲೀಲೆ ಎರಡು ಶತಮಾನಗಳ ಅನಂತರ ಈ ಕಥೆಯನ್ನು ಬದಲಿಸಿ, ಅಲ್ಲಮನನ್ನು ಮಾಯೆಗೆ ಸೋಲದ ನಿರ್ಲಿಪ್ತನನ್ನಾಗಿ ಮಾಡಿತು. ಹರಿಹರನ ಅಲ್ಲಮನಿಗೆ ಅಂತಹ ರಕ್ಷೆಯಿಲ್ಲ. ಅವನ ಮದ್ದಳೆ ದೇವರಿಗೂ ಹೌದು, ಹೆಣ್ಣಿಗೂ ಹೌದು. ರಂಗಭೋಗದ ಲೆಕ್ಕದಲ್ಲಿ ಕೂಲಿ ಪಡೆಯುವ ಕೈಗಳು ಯಾರಿಗಾಗಿ ಬಾರಿಸುತ್ತಿವೆ ಎಂಬುದನ್ನು ಯಾವ ಶಾಸನವೂ ಹೇಳಲಾರದು, ಕವಿ ಹೇಳಿದ. ಬೇಲೂರಿನ ಮದನಿಕೆಗಳನ್ನು ಕಡೆದು ಹೆಸರು ಕೆತ್ತಿಸಿಕೊಂಡ ದಾಸೋಜನೂ ಅವನ ಮಗ ಚಾವಣನೂ ಇದೇ ಬಳ್ಳಿಗಾವೆಯವರು ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಎರಡನೆಯವನು ಜನ್ನ. ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಈತನ ಯಶೋಧರಚರಿತೆ (1209) ಜೈನಧರ್ಮದ ಅಹಿಂಸಾತತ್ತ್ವವನ್ನು ಸಾರುವ ಕಾವ್ಯ. ಆದರೆ ಅದರ ಕಥೆ ತಿರುಗಿ ನಿಲ್ಲುವುದು ಒಂದು ಹಾಡಿನ ಮೇಲೆ. ರಾತ್ರಿಯ ಹೊತ್ತು ಗಜಶಾಲೆಯಲ್ಲಿ ಅಷ್ಟಾವಂಕನೆಂಬ ಮಾವಟಿಗ ತನ್ನ ಸಂತೋಷಕ್ಕೆ ತಾನು ಹಾಡಿಕೊಳ್ಳುತ್ತಾನೆ. ಅರಮನೆಯಲ್ಲಿ ಅರಸನ ಪಕ್ಕದಲ್ಲಿದ್ದ ಅಮೃತಮತಿ ಅದನ್ನು ಕೇಳಿ ಮನಸೋಲುತ್ತಾಳೆ. ಮರುದಿನ ನೋಡಿ ಬಂದ ಕೆಳದಿ ಅವನ ಕುರೂಪವನ್ನು ಬಣ್ಣಿಸಿದರೂ ರಾಣಿ ಹಿಂದೆ ಸರಿಯುವುದಿಲ್ಲ. ವಿಮರ್ಶಕರು ಇದನ್ನು ಕಾಮದ ಕುರುಡಿನ ಕಥೆಯೆಂದು ಬಹುಕಾಲ ಓದಿದರು. ಅನಂತರ ಗಿರೀಶ ಕಾರ್ನಾಡರ ನಾಟಕವೂ ಸೇರಿದಂತೆ ಬೇರೆ ಬಗೆಯ ಓದುಗಳೂ ಬಂದವು. ನಮಗೆ ಇಲ್ಲಿ ಮುಖ್ಯವಾದದ್ದು ಆ ಹಾಡಿನ ಸ್ವರೂಪ. ಅದಕ್ಕೆ ದೇವರಿಲ್ಲ, ದೊರೆಯಿಲ್ಲ, ವೃತ್ತಿಯಿಲ್ಲ, ಸಭೆಯಿಲ್ಲ. ಇಡೀ ಹೊಯ್ಸಳ ಕಾಲದ ದಾಖಲೆಯಲ್ಲಿ ಲೌಕಿಕ ಸಂಗೀತ ಎಂಬ ಹೆಸರಿಗೆ ನಿಜವಾಗಿ ಅರ್ಹವಾದ ಹಾಡು ಇದೊಂದೇ ಎನ್ನುವಷ್ಟು ಅದು ಒಂಟಿಯಾಗಿದೆ. ಅದು ಉಳಿದು ಬಂದದ್ದು ಒಂದು ಧಾರ್ಮಿಕ ಕಾವ್ಯದಲ್ಲಿ, ಪತನದ ಕಾರಣವಾಗಿ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ, ದೇವರ ಸ್ತೋತ್ರದ ಅರ್ಥಕ್ಕಿಂತ ಅದರ ನಾದವೇ ತನ್ನನ್ನು ಹೆಚ್ಚು ಸೆಳೆಯುವುದು ಪಾಪವಲ್ಲವೇ ಎಂದು ಕಳವಳಪಟ್ಟಿದ್ದಾನೆ. ನಾದಸುಖದ ಭಯ ಜನ್ನನಲ್ಲಿಯೂ ಇದೆ. ಆದರೆ ಅಗಸ್ಟೀನನ ಭಯ ಚರ್ಚಿನ ಒಳಗೆ ಹಾಡುವ ಕಂಠವನ್ನು ಕುರಿತದ್ದು. ಜನ್ನನ ಭಯ ಹೊರಗಿನಿಂದ, ಲಾಯದ ಕಡೆಯಿಂದ ಬರುವ ದನಿಯನ್ನು ಕುರಿತದ್ದು. ಜನ್ನನಿಗೆ ಹಾಡು ಕೆಟ್ಟದ್ದಲ್ಲ. ಹಾಡಿದವನು ಯಾರು ಎಂಬುದೇ ಅನರ್ಥಕ್ಕೆ ಮೂಲ.

ಮೂರನೆಯವನು ರಾಘವಾಂಕ. ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕ ಕನ್ಯೆಯರು, ಎಂದರೆ ಅಸ್ಪೃಶ್ಯ ಕುಲದವರೆಂದು ಕಾವ್ಯ ಹೇಳುವ ತರುಣಿಯರು, ಬೇಟೆಯ ಬಿಡಾರದಲ್ಲಿ ಹರಿಶ್ಚಂದ್ರನ ಮುಂದೆ ಹಾಡುತ್ತಾರೆ. ಅರಸ ಮೆಚ್ಚಿ ಆಭರಣಗಳನ್ನು ಕೊಡುತ್ತಾನೆ. ಅವರು ಅದನ್ನು ಒಲ್ಲದೆ ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ; ಕೊಡಲಾಗದೆಂದಾಗ ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಅರಸನು ಕುಲವನ್ನು ಮುಂದೆ ಮಾಡಿ ನಿರಾಕರಿಸುತ್ತಾನೆ. ಆಗ ಅವರು ಹೂಡುವ ವಾದ ಕನ್ನಡ ಕಾವ್ಯಲೋಕದಲ್ಲಿ ಅಪೂರ್ವವಾದದ್ದು. ನಮ್ಮ ರೂಪವನ್ನು ಕಂಡ ಕಣ್ಣಿಗೆ, ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮ ಮೈಗಂಪನ್ನು ಗ್ರಹಿಸಿದ ನಾಸಿಕಕ್ಕೆ, ನಮ್ಮೊಡನೆ ಆಡಿದ ನಾಲಗೆಗೆ ಇಲ್ಲದ ಮೈಲಿಗೆ ಸ್ಪರ್ಶಕ್ಕೆ ಮಾತ್ರ ಹೇಗೆ ಬಂದಿತು ಎಂಬುದು ಅದರ ತಿರುಳು. ಹರಿಶ್ಚಂದ್ರನ ಬಳಿ ಇದಕ್ಕೆ ತಕ್ಕ ಉತ್ತರವಿಲ್ಲ. ಕೊನೆಗೆ ಅವರು ಏಟು ತಿಂದು ಹಿಂತಿರುಗುತ್ತಾರೆ.

ಹೊಯ್ಸಳ ಕಾಲದ ಸಂಗೀತ ಚರಿತ್ರೆಯ ಕೇಂದ್ರ ಪ್ರಶ್ನೆಯನ್ನು ಈ ಗಾನಗಾತಿಯರು ಎತ್ತಿದ್ದಾರೆಂದು ನಾನು ತಿಳಿಯುತ್ತೇನೆ. ಯುರೋಪಿನಲ್ಲಿ ಗೋಡೆ ಎರಡು ಸಂಗೀತಗಳ ನಡುವೆ ಇತ್ತು. ಹಾಡುಗಾರರು ಆಚೀಚೆ ದಾಟುತ್ತಿದ್ದರು. ನಮ್ಮಲ್ಲಿ ಸಂಗೀತ ಆಚೀಚೆ ದಾಟುತ್ತಿತ್ತು. ಗೋಡೆ ಇದ್ದದ್ದು ಹಾಡುಗಾರರ ನಡುವೆ. ಈ ಮಾತನ್ನು ಸ್ವಲ್ಪ ತಿದ್ದಿಕೊಳ್ಳುವುದೂ ಅಗತ್ಯ. ಯುರೋಪಿನ ಅಲೆಮಾರಿ ಗಾಯಕರನ್ನೂ ಚರ್ಚು ಪಾಪಿಗಳೆಂದೇ ಎಣಿಸುತ್ತಿತ್ತು. ಹದಿಮೂರನೆಯ ಶತಮಾನದ ಆದಿಯಲ್ಲಿ ಥಾಮಸ್ ಆಫ್ ಚೋಬಮ್ ಎಂಬ ಇಂಗ್ಲಿಷ್ ಪಾದ್ರಿ ಪಾಪನಿವೇದನೆಯ ಕೈಪಿಡಿಯೊಂದನ್ನು ಬರೆದು, ದೊರೆಗಳ ಸಾಹಸವನ್ನೂ ಸಂತರ ಚರಿತೆಯನ್ನೂ ಹಾಡುವವರನ್ನು ಮಾತ್ರ ಸಹಿಸಬಹುದೆಂದ. ಆದರೆ ಅಲ್ಲಿ ಕಳಂಕ ಅಂಟಿದ್ದು ಕಸುಬಿಗೆ. ಕಸುಬು ಬಿಟ್ಟವನು ಪಾರಾಗಬಹುದಿತ್ತು. ಹುಟ್ಟಿಗೆ ಅಂಟಿದ ಕಳಂಕದಿಂದ ಪಾರಾಗುವ ದಾರಿ ಬೇರೆಯದೇ ಆಗಬೇಕು.

ಆ ದಾರಿಯನ್ನು ಶ್ರೀವೈಷ್ಣವ ಪರಂಪರೆ ಕಥೆಯ ರೂಪದಲ್ಲಿ ಊಹಿಸಿದೆ. ಪಾಣರ ಕುಲದ ತಿರುಪ್ಪಾಣಾಳ್ವಾರ್ ಕಾವೇರಿಯ ದಡದಲ್ಲಿ ದೂರ ನಿಂತು ರಂಗನಾಥನನ್ನು ಹಾಡುತ್ತಿದ್ದನೆಂದೂ, ಲೋಕಸಾರಂಗ ಮುನಿ ಅವನನ್ನು ಹೆಗಲ ಮೇಲೆ ಹೊತ್ತು ಗರ್ಭಗುಡಿಗೆ ತಂದನೆಂದೂ ಐತಿಹ್ಯ. ಅಲ್ಲಿ ಅವನು ದೇವರಲ್ಲಿ ಐಕ್ಯನಾದ, ಹೊರಗೆ ಮರಳಲಿಲ್ಲ. ಆಳ್ವಾರರ ಪಾಶುರಗಳನ್ನು ಶ್ರೀವೈಷ್ಣವ ದೇವಾಲಯಗಳಲ್ಲಿ ಇಂದಿಗೂ ಪಠಿಸುತ್ತಾರೆ. ವಿಷ್ಣುವರ್ಧನನ ಕಾಲದೊಂದಿಗೆ ರಾಮಾನುಜರ ಹೆಸರು ಬೆಸೆದುಕೊಂಡಿರುವ ಮೇಲುಕೋಟೆ ಮತ್ತು ಬೇಲೂರುಗಳಲ್ಲಿ ವರ್ಷಕ್ಕೆ ಮೂರು ದಿನ ದಲಿತರಿಗೆ ದೇವಾಲಯ ಪ್ರವೇಶದ ಹಕ್ಕು ಇದ್ದುದನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಇದನ್ನು ಉದಾರತೆಯೆಂದು ಹೊಗಳುವವರಿದ್ದಾರೆ. ವರ್ಷದ ಉಳಿದ ದಿನಗಳ ಲೆಕ್ಕವನ್ನೂ ಅದೇ ಸಾಲು ಹೇಳುತ್ತದೆ ಎಂಬುದನ್ನು ಮರೆಯಬಾರದು.

ಶಾಸನದ ಪಟ್ಟಿಗೆ ಸೇರದವರ ಹಾಡು ಏನಾಯಿತು? ಅದು ತ್ರಿಪದಿಯಲ್ಲಿ ಉಳಿಯಿತು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿನ ಮೇಲೇರಿದ ಈ ಛಂದಸ್ಸು, ಸೋಮೇಶ್ವರ ಹೇಳಿದ ಕುಟ್ಟುವ ತಾಣದಲ್ಲಿಯೇ ಇಪ್ಪತ್ತನೆಯ ಶತಮಾನದ ಸಂಗ್ರಾಹಕರಿಗೂ ದೊರೆಯಿತು. ಬೀಸುವ ಪದದ ನಡೆಯನ್ನು ಬಲ್ಲವರಿಗೆ ಗೊತ್ತು: ಹಾಡುವವಳು ಮೊದಲು ಕಲ್ಲಿಗೂ ದೇವರಿಗೂ ಕೈಮುಗಿಯುತ್ತಾಳೆ, ತವರನ್ನು ನೆನೆಯುತ್ತಾಳೆ, ಅಣ್ಣನನ್ನು ಹರಸುತ್ತಾಳೆ, ಅತ್ತಿಗೆಯನ್ನು ಚುಚ್ಚುತ್ತಾಳೆ, ಮತ್ತೆ ದೇವರ ಹತ್ತಿರ ಬರುತ್ತಾಳೆ. ಧಾಟಿ ಬದಲಾಗುವುದಿಲ್ಲ, ಕಲ್ಲು ನಿಲ್ಲುವುದಿಲ್ಲ. ಸಂಕಲನಕಾರರು ಈ ಒಂದು ಹಾಡುಗಾರಿಕೆಯನ್ನು ಬಿಡಿಸಿ, ದೇವರ ತ್ರಿಪದಿಗಳನ್ನು ಒಂದು ಅಧ್ಯಾಯಕ್ಕೂ ತವರಿನ ತ್ರಿಪದಿಗಳನ್ನು ಇನ್ನೊಂದಕ್ಕೂ ಹಾಕಿದರು. ಮೊದಲ ತಲೆಮಾರಿನ ಸಂಗ್ರಾಹಕರ ಪರಿಶ್ರಮವನ್ನು ಇಲ್ಲಿ ಕಡೆಗಣಿಸುತ್ತಿಲ್ಲ. ಹಲಸಂಗಿ ಗೆಳೆಯರ ಗರತಿಯ ಹಾಡು (1931) ಇಲ್ಲದಿದ್ದರೆ ಈ ಚರ್ಚೆಗೆ ಆಸ್ಪದವೇ ಇರುತ್ತಿರಲಿಲ್ಲ. ಅದರ ಬೆನ್ನಿಗೇ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು ತಮ್ಮ ಊರಿನ ಹಾಡುಗಳನ್ನು ಊರಿನ ಬದುಕಿನ ನಡುವೆಯೇ ಇಟ್ಟು ಪ್ರಕಟಿಸಿದರು. ಗುಡಿಯ ಪೂಜಾರಿಯೊಬ್ಬರು ಗುಡಿಯ ಹೊರಗಿನ ಹಾಡನ್ನು ಬರೆದುಕೊಂಡ ಈ ನಿದರ್ಶನ ನಮ್ಮ ಚರಿತ್ರೆಯಲ್ಲಿ ಅಪರೂಪದ್ದು.

ಅರಸೀಕೆರೆ, ತಿಪಟೂರು ಭಾಗದ ಮೂಡಲಪಾಯ ಯಕ್ಷಗಾನದ ಮುಖವೀಣೆಯನ್ನೂ, ಸೋಮನ ಕುಣಿತದ ಅರೆ ತಮಟೆಗಳನ್ನೂ, ಚಿಟ್ಟಿಮೇಳವನ್ನೂ ಇದೇ ದೃಷ್ಟಿಯಿಂದ ನೋಡಬೇಕಾಗಿದೆ. ಸೋಮನ ಕುಣಿತ ಗ್ರಾಮದೇವತೆಯ ಸೇವೆ. ಆದರೆ ಅದರ ವಾದ್ಯಗಾರರು ಬಹುಮಟ್ಟಿಗೆ ದೇವತೆಯ ಗುಡಿಯ ಹೊರಗೆ ನಿಂತೇ ಬಾರಿಸಿಕೊಂಡು ಬಂದವರು. ಇದನ್ನು ಧಾರ್ಮಿಕ ಎಂಬ ಶೀರ್ಷಿಕೆಯಡಿ ಹಾಕಿದರೆ ಆ ದೂರ ಕಾಣೆಯಾಗುತ್ತದೆ. ಲೌಕಿಕ ಎಂದರೆ ಸೇವೆ ಕಾಣೆಯಾಗುತ್ತದೆ. ಪಟ್ಟಿಯಲ್ಲಿದ್ದವರ ಗತಿಯೂ ಸುಖಕರವಾಗಿ ಮುಗಿಯಲಿಲ್ಲ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. 1982ರ ಕರ್ನಾಟಕದ ಕಾಯಿದೆ ದೇವದಾಸಿಯರ ಸಮರ್ಪಣೆಯನ್ನೇ ನಿಷೇಧಿಸಿತು. ಶೋಷಣೆಯನ್ನು ಕೊನೆಗಾಣಿಸುವುದು ನ್ಯಾಯವೇ ಆಗಿತ್ತು. ಆದರೆ ರಂಗಭೋಗದ ವೃತ್ತಿ ನಿಂತ ಮೇಲೆ, ನಿನ್ನೆಯವರೆಗೆ ದೇವರ ಸೇವೆಯೆನಿಸಿದ್ದ ಅದೇ ಹಾಡು, ಅದೇ ಕಂಠದಲ್ಲಿ, ಲೌಕಿಕವೆಂದೂ ಅಶ್ಲೀಲವೆಂದೂ ಕರೆಸಿಕೊಂಡಿತು. ಕೆಲವೇ ದಶಕಗಳಲ್ಲಿ ಬೇರೆ ಮನೆಗಳ ಹೆಣ್ಣುಮಕ್ಕಳ ಕಂಠದಲ್ಲಿ ಮತ್ತೆ ಶಾಸ್ತ್ರೀಯವೂ ಪವಿತ್ರವೂ ಆಯಿತು.

ಈ ಹಿನ್ನೆಲೆಯಲ್ಲಿ ಹಾಸನ ಜಿಲ್ಲೆಯ ಜಾತ್ರೆಗಳ ಸಂಗೀತವನ್ನು ದಾಖಲಿಸುವವರು ಹಾಡಿನ ಪಠ್ಯ, ರಾಗಛಾಯೆ, ವಾದ್ಯಗಳ ಜೊತೆಗೆ ಇನ್ನೂ ಕೆಲವು ವಿವರಗಳನ್ನು ಬರೆದುಕೊಳ್ಳುವುದು ಅವಶ್ಯ. ಹಾಡಿದವರು ಗುಡಿಯ ಯಾವ ಬಾಗಿಲವರೆಗೆ ಬಂದರು. ಅಲ್ಲಿಂದ ಮುಂದೆ ವಾದ್ಯ ಯಾರ ಕೈಗೆ ಹೋಯಿತು. ಸೇವೆಗೆ ಪ್ರತಿಯಾಗಿ ಪಡಿ, ಕಾಸು, ಭೂಮಿ ಏನಾದರೂ ಸಲ್ಲುತ್ತದೆಯೇ, ಯಾರ ಕಾಲದಿಂದ ಸಲ್ಲುತ್ತದೆ. ಹೊಯ್ಸಳರ ಶಾಸನ ಬರೆದ ಸೇನಬೋವರು ತಮ್ಮ ಪಟ್ಟಿಗಳಲ್ಲಿ ಕೊನೆಯ ಪ್ರಶ್ನೆಗೆ ತಪ್ಪದೆ ಉತ್ತರ ಬರೆದಿಟ್ಟಿದ್ದಾರೆ. ನಮ್ಮ ಧ್ವನಿಮುದ್ರಣ ಸಂಗ್ರಹಗಳ ಚೀಟಿಗಳಲ್ಲಿ ಬಹುಮಟ್ಟಿಗೆ ಆ ಅಂಕಣವೇ ಇಲ್ಲ.